ನಳ ಬಂದಾಗ ಏಳುವವರು ಯಾರು?

ಜೂನ್ ಬಂತೆಂದರೆ ಧಾರವಾಡದ ಸಪ್ತಾಪುರ, ಕಲ್ಯಾಣನಗರ, ಸಾರಸ್ವತಪುರದ ಲೈಟುಕಂಬಗಳಿಗೆಲ್ಲ ಚೀಟಿಗಳ ಸುಗ್ಗಿ. ‘ರೂಮ್ ಖಾಲಿ ಇದೆ’, ‘ಒಬ್ಬ ರೂಮ್‌ಮೇಟ್ ಬೇಕು’, ‘ಪಿಎಸ್‌ಐ ಓದುವವರಿಗೆ ಆದ್ಯತೆ’, ‘ಸಸ್ಯಾಹಾರಿಗಳಿಗೆ ಮಾತ್ರ’. ಮಳೆಗೆ ತೊಯ್ದು ಅಕ್ಷರ ಅಳಿಸಿದ ಚೀಟಿಯ ಮೇಲೆ ಮರುದಿನವೇ ಹೊಸದೊಂದು ಬಂದು ಕೂರುತ್ತದೆ. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು, ಆಮೇಲೆ ವಿಶ್ವವಿದ್ಯಾಲಯ ಬಂತು, ಕೃಷಿ ವಿಶ್ವವಿದ್ಯಾಲಯ ಬಂತು, 2016ರಲ್ಲಿ ಐಐಟಿಯೂ ಬಂತು. ಪರ ಊರಿನ ಮಕ್ಕಳಿಗೆ ಖೋಲಿ ಕೊಡುವುದು ನೂರು ವರ್ಷದಿಂದ ಈ ಊರಿನ ಒಂದು ಕಸುಬೇ ಆಗಿಬಿಟ್ಟಿದೆ. ಈಗಂತೂ ಕಾಲೇಜಿನ ಹುಡುಗರಿಗಿಂತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಓಡಾಟವೇ ಹೆಚ್ಚೆನ್ನಿಸುತ್ತದೆ. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ, ಟಿಇಟಿ. ಇವರು ಯಾವ ಕಾಲೇಜಿನ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಹಾಗಾಗಿ ಕಾಲೇಜಿನ ಹಾಸ್ಟೆಲ್ ಇವರಿಗಿಲ್ಲ. ಉಳಿದ ದಾರಿ ಒಂದೇ: ಮೂರ್ನಾಲ್ಕು ಮಂದಿ ಕೂಡಿ ಒಂದು ಖೋಲಿ ಹಿಡಿಯುವುದು.

ಖೋಲಿ ನೋಡುವಾಗ ಇವರು ಬಹಳ ಚಿಕಿತ್ಸಕರು. ನೀರು ಹೇಗೆ, ಬಚ್ಚಲು ಒಳಗೋ ಹೊರಗೋ, ಕೋಚಿಂಗ್ ಎಷ್ಟು ದೂರ, ಖಾನಾವಳಿ ಹತ್ತಿರ ಇದೆಯೋ, ಎಲ್ಲ ಕೇಳುತ್ತಾರೆ. ಅದೇ ಖೋಲಿಯಲ್ಲಿ ವರ್ಷಗಟ್ಟಲೆ ಪಕ್ಕದಲ್ಲಿ ಮಲಗುವವನ ಬಗ್ಗೆ ಮಾತ್ರ ಒಂದೇ ಮಾತು: “ನಮ್ಮ ಊರಾಂವ್ರೀ, ಗುರ್ತಿನಾಂವ.” ಇಲ್ಲವೇ “ಪಿಯುಸಿ ದೋಸ್ತ”. ನಾವು ಮಾಲಕರು ಕೇಳುವ ಪ್ರಶ್ನೆಯಾದರೂ ಇದಕ್ಕಿಂತ ಚೆನ್ನಾಗಿದೆಯೇ ಎಂದರೆ, ಇಲ್ಲ. “ಯಾವೂರು? ಯಾರ ಪೈಕಿ?” ಎಂಬಲ್ಲಿಗೆ ನಮ್ಮ ವಿಚಾರಣೆ ಮುಗಿಯುತ್ತದೆ. ಊರು, ಗೆಳೆತನ, ಜಾತಿ ಇಷ್ಟನ್ನು ನೋಡಿ ಮಾಡಿದ ಜೋಡಿಗಳು ಎಷ್ಟು ದಿನ ಬಾಳುತ್ತವೆ ಎಂಬುದನ್ನು ನಮ್ಮತ್ತೆಯವರ ಕಾಲದಿಂದ ಮಾಳಿಗೆಯ ಖೋಲಿಗಳನ್ನು ಬಾಡಿಗೆಗೆ ಕೊಡುತ್ತ ಬಂದ ನಮ್ಮ ಮನೆ ಸಾಕಷ್ಟು ನೋಡಿದೆ.

ಒಂದು ಜೋಡಿಯ ಕತೆ ಹೇಳಬೇಕು. ಇಬ್ಬರೂ ವಿಜಯಪುರದ ಕಡೆಯವರು, ಹೈಸ್ಕೂಲಿನಿಂದ ಜೊತೆಗಿದ್ದವರು, ಒಬ್ಬನ ಅಂಗಿ ಇನ್ನೊಬ್ಬನ ಮೈಮೇಲೆ. ಅವರ ನಡುವೆ ಬಿರುಕು ಬಿಟ್ಟದ್ದು ನೀರಿಗೆ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಸವದತ್ತಿಯ ಹತ್ತಿರದ ಜಲಾಶಯದಿಂದ ಬರುತ್ತದೆ. ಕೆಲವು ವಾರ್ಡುಗಳಿಗೆ 2008ರಿಂದ ದಿನದ 24 ತಾಸೂ ನೀರು; ಉಳಿದ ಓಣಿಗಳಿಗೆ ಎಷ್ಟೋ ವರ್ಷ ವಾರಕ್ಕೊಮ್ಮೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಅಂಥ ಒಂದು ರಾತ್ರಿ ಮೂರರ ಸುಮಾರಿಗೆ ನಳ ಬಂತು. ಅವರ ಖೋಲಿಯ ಡ್ರಮ್ಮು ಖಾಲಿ. ಮೇಲಿನಿಂದ ಮಾತು ಕೇಳುತ್ತಿತ್ತು:

“ಏಳಲೇ, ನಳಾ ಬಂದೈತಿ.”

“ಹ್ವಾದ ಸರ್ತಿ ನಾ ತುಂಬೇನಿ.”

“ಅದರ ಹಿಂದಿನ ಎರಡೂ ಸರ್ತಿ ನಾನ ತುಂಬೇನಲಾ?”

“ಲೆಕ್ಕಾ ಇಟ್ಟೀಯೇನು ಹಂಗಾರ?”

ಲೆಕ್ಕ ಇಟ್ಟಿದ್ದ. ಒಳಗೊಳಗೇ, ತಿಂಗಳುಗಟ್ಟಲೆ. ತಾಟು ತೊಳೆದದ್ದು, ಕಸ ಹೊಡೆದದ್ದು, ಊರಿನಿಂದ ಬಂದ ಶೇಂಗಾ ಚಟ್ನಿ ಯಾರು ಎಷ್ಟು ತಿಂದರು ಎಂಬುದು ಸಹಿತ. ಆ ರಾತ್ರಿ ಇಬ್ಬರೂ ಏಳಲಿಲ್ಲ, ಬೆಳಿಗ್ಗೆ ಇಬ್ಬರೂ ಕೆಳಗೆ ಬಂದು “ಆಂಟಿ, ಒಂದ್ ಬಕೆಟ್ ನೀರ” ಎಂದು ಬೇರೆ ಬೇರೆಯಾಗಿ ಕೇಳಿದರು. ತಿಂಗಳು ತುಂಬುವುದರೊಳಗೆ ಒಬ್ಬ ಖೋಲಿ ಬಿಟ್ಟ. ಗೆಳೆಯರಾಗಿ ಅವರದು ಒಳ್ಳೆಯ ಜೋಡಿ. ಆದರೆ ಗೆಳೆತನದಲ್ಲಿ ಡ್ರಮ್ ತುಂಬುವ ಪಾಳಿ ಎಂಬುದು ಬರುವುದೇ ಇಲ್ಲ. ದೋಸ್ತನಿಗೆ ‘ನಿನ್ನ ಪಾಳಿ’ ಎನ್ನುವುದು ಸಣ್ಣತನ ಎಂದುಕೊಂಡು ಇಬ್ಬರೂ ನುಂಗಿಕೊಂಡೇ ಇದ್ದರು. ಗುರುತಿಲ್ಲದವನಾಗಿದ್ದರೆ ಎರಡನೇ ವಾರಕ್ಕೇ ಹೇಳಿರುತ್ತಿದ್ದರು.

ಹಾಗಾಗಿ ನನ್ನ ವಾದ ಇಷ್ಟೆ: ರೂಮ್‌ಮೇಟ್ ಹಿಡಿಸಬೇಕೆಂದೇನೂ ಇಲ್ಲ, ಅವನ ಗಡಿಯಾರ ಮತ್ತು ಅವನ ಪಾಕೀಟು ನಿಮಗೆ ಹೊಂದಬೇಕು. ಅದಕ್ಕಿಂತ ಮುಖ್ಯವಾಗಿ, ಹೇಳಿದ್ದನ್ನು ಕೇಳಿಸಿಕೊಳ್ಳುವ, ಹೇಳಬೇಕಾದ್ದನ್ನು ಹೇಳುವ ಬಾಯಿ-ಕಿವಿ ಅವನಿಗಿರಬೇಕು.

ಗಡಿಯಾರದ ಮಾತು ಮೊದಲು. ಪಿಎಸ್‌ಐ ಹುದ್ದೆಗೆ ಓದುವವನಿಗೆ ಪುಸ್ತಕದಷ್ಟೇ ಮುಖ್ಯ 1600 ಮೀಟರ್ ಓಟ. ಅವನ ಅಲಾರಾಂ ನಸುಕಿನ ನಾಲ್ಕೂವರೆಗೆ ಹೊಡೆಯುತ್ತದೆ, ಐದಕ್ಕೆ ಮೈದಾನದಲ್ಲಿರಬೇಕು. ಪಕ್ಕದ ಚಾಪೆಯಲ್ಲಿ ಕೆಎಎಸ್ ಓದುವವನು ಪುಸ್ತಕ ಮುಚ್ಚಿದ್ದೇ ರಾತ್ರಿ ಎರಡಕ್ಕೆ. ಇಬ್ಬರೂ ಸಜ್ಜನರು, ಇಬ್ಬರೂ ಒಬ್ಬರನ್ನೊಬ್ಬರು ‘ಸರ್’ ಎಂದೇ ಕರೆಯುತ್ತಾರೆ (ಕೋಚಿಂಗ್ ಹುಡುಗರ ಈ ಪದ್ಧತಿ ನನಗೆ ಬಹಳ ಇಷ್ಟ, ಇನ್ನೂ ಆಗದ ಅಧಿಕಾರಿಯ ಪಟ್ಟವನ್ನು ಒಬ್ಬರಿಗೊಬ್ಬರು ಮುಂಗಡವಾಗಿ ಕಟ್ಟಿಬಿಡುತ್ತಾರೆ). ಆದರೆ ಒಬ್ಬನ ಟ್ಯೂಬ್‌ಲೈಟು ಇನ್ನೊಬ್ಬನ ನಿದ್ದೆ ಕೆಡಿಸಿದರೆ, ಇನ್ನೊಬ್ಬನ ಅಲಾರಾಂ ಇವನದನ್ನು ಕೆಡಿಸುತ್ತದೆ. ಮೂರನೇ ವಾರಕ್ಕೆ ‘ಸರ್’ ಉದುರಿಹೋಗುತ್ತದೆ. ಸಪ್ತಾಪುರದ ಸುತ್ತ ತಿಂಗಳ ಫೀ ಕೊಟ್ಟು ಕೂರುವ ಸ್ಟಡಿ ರೂಮುಗಳು ಇಷ್ಟೊಂದು ಹುಟ್ಟಿಕೊಂಡಿರುವುದಕ್ಕೆ ಓದಿನ ಹಸಿವು ಒಂದು ಕಾರಣವಾದರೆ, ಖೋಲಿಯ ಲೈಟಿನ ಜಗಳ ಇನ್ನೊಂದು ಎಂದು ನನ್ನ ಗುಮಾನಿ. ಇಬ್ಬರ ಗಡಿಯಾರ ಹೊಂದದೆ ಹೋದರೂ ಒಬ್ಬ ಅಂಥ ಕಡೆ ಕೂತು ಓದುವವನಾದರೆ ಸಂಸಾರ ನಡೆಯುತ್ತದೆ. ಆ ಫೀಯನ್ನೂ ಬಾಡಿಗೆಯ ಲೆಕ್ಕದಲ್ಲೇ ಹಿಡಿಯಬೇಕು.

ಒಂದೇ ಪರೀಕ್ಷೆಗೆ ಓದುವವರು ಜೊತೆಗಿದ್ದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ನೋಟ್ಸು ಹಂಚಿಕೊಳ್ಳಬಹುದು, ಒಬ್ಬ ಏಳದಿದ್ದರೆ ಇನ್ನೊಬ್ಬ ಎಬ್ಬಿಸಬಹುದು, ಎಲ್ಲ ನಿಜ. ಫಲಿತಾಂಶದ ದಿನ ಮಾತ್ರ ಆ ಖೋಲಿಗೆ ಕಾಲಿಡಲು ಧೈರ್ಯ ಬೇಕು. ಒಬ್ಬನ ನಂಬರು ಪಟ್ಟಿಯಲ್ಲಿದೆ, ಇನ್ನೊಬ್ಬನದು ಇಲ್ಲ. ಪೇಢೆ ತಂದವನಿಗೆ ಅದನ್ನು ಎಲ್ಲಿ ಇಡಬೇಕೆಂದು ತಿಳಿಯದು. ಎರಡು ಬೇರೆ ಪರೀಕ್ಷೆ, ಒಂದೇ ದಿನಚರಿ ಇರುವವರ ಜೋಡಿಯೇ ನನ್ನ ಅನುಭವದಲ್ಲಿ ಹೆಚ್ಚು ಬಾಳಿಕೆಯದು.

ಇನ್ನು ಪ್ರಶ್ನೆ ಕೇಳುವ ಬಗೆ. “ನೀವು ಸ್ವಚ್ಛ ಇರ್ತೀರಾ?” ಎಂದರೆ ಇಲ್ಲ ಎಂದವನು ಈವರೆಗೆ ಹುಟ್ಟಿಲ್ಲ. “ನಿನ್ನೆ ರಾತ್ರಿ ಉಂಡ ತಾಟು ಯಾವಾಗ ತೊಳೆದ್ರಿ?” ಎಂದು ಕೇಳಿ ನೋಡಿ. ಸ್ವಭಾವ ಹೇಳು ಎಂದರೆ ಎಲ್ಲರೂ ತಮ್ಮ ಹಬ್ಬದ ಮುಖ ತೋರಿಸುತ್ತಾರೆ. ನಿನ್ನೆ ಏನಾಯಿತು ಎಂದರೆ ನಿಜ ಜಾರಿಬೀಳುತ್ತದೆ. ಹಾಗೆಯೇ, “ಹಿಂದಿನ ರೂಮ್ ಯಾಕ ಬಿಟ್ರಿ?” ಎಂಬುದೂ ಒಳ್ಳೆಯ ಪ್ರಶ್ನೆ. ಮಾಲಕರು ಸರಿ ಇರಲಿಲ್ಲ, ರೂಮ್‌ಮೇಟ್ ಸರಿ ಇರಲಿಲ್ಲ, ಅದಕ್ಕೂ ಹಿಂದಿನವರು ಇನ್ನೂ ಕೆಟ್ಟವರು ಎಂದು ಹೇಳುತ್ತ ಹೋದರೆ, ಮುಂದಿನ ರೂಮಿನಲ್ಲಿ ಆ ಪಟ್ಟಿಗೆ ಸೇರುವ ಹೆಸರು ನಿಮ್ಮದೇ. ಸಾಧ್ಯವಿದ್ದರೆ ಅವನು ಈಗ ಇರುವ ಖೋಲಿಗೇ ಹೋಗಿ ಚಹಾ ಕುಡಿದು ಬನ್ನಿ. ಧಾರವಾಡದ ಮಳೆಗಾಲದಲ್ಲಿ ಒಣಗದ ಬಟ್ಟೆ ಎಲ್ಲಿ ಹಾಕಿದ್ದಾನೆ, ಹಗ್ಗದಲ್ಲಿ ಪಕ್ಕದವನಿಗೆ ಜಾಗ ಬಿಟ್ಟಿದ್ದಾನೆಯೇ ಎಂದು ನೋಡಿದರೆ ಅರ್ಧ ಸಂದರ್ಶನ ಮುಗಿದಂತೆ.

ಪಕ್ಕದ ಚಾಪೆಯವನ ಚಟ ನಮ್ಮ ಅಂಕಪಟ್ಟಿಯವರೆಗೂ ಬರುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದವರಿದ್ದಾರೆ. ಅಮೆರಿಕದ ಕೆಂಟಕಿ ರಾಜ್ಯದ ಬೆರಿಯಾ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಕೋಣೆಯ ಜೊತೆಗಾರರನ್ನು ಆಯ್ಕೆಯಿಲ್ಲದೆ ಹಂಚುತ್ತಿದ್ದರು. ಟಾಡ್ ಮತ್ತು ರಾಲ್ಫ್ ಸ್ಟೈನ್‌ಬ್ರಿಕ್ನರ್ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸಣ್ಣ ಸಂಗತಿಯನ್ನು ಹಿಡಿದರು: ಜೊತೆಗಾರ ಮನೆಯಿಂದ ವಿಡಿಯೊ ಗೇಮ್ ತಂದಿದ್ದನೇ, ಇಲ್ಲವೇ? ತಂದಿದ್ದರೆ ಪಕ್ಕದವನ ಓದು ದಿನಕ್ಕೆ ಅರ್ಧ ಗಂಟೆಗೂ ಮಿಕ್ಕಿ ಇಳಿದಿತ್ತು, ಮೊದಲ ಸೆಮಿಸ್ಟರಿನ ಅಂಕವೂ ಇಳಿದಿತ್ತು. ಗೇಮ್ ಇವನದಲ್ಲ, ಆದರೂ ಪೆಟ್ಟು ಇವನಿಗೆ. ಡಾರ್ಟ್‌ಮೌತ್ ಕಾಲೇಜಿನ ಬಗ್ಗೆ ಬ್ರೂಸ್ ಸಾಸರ್ಡೋಟ್ 2001ರಲ್ಲಿ ಬರೆದದ್ದು ಇನ್ನೂ ಸ್ವಾರಸ್ಯ: ರೂಮ್‌ಮೇಟಿನ ಗಾಳಿ ಅಂಕದ ಮೇಲೆ ಬೀಸುತ್ತದೆ, ಯಾವ ವಿಷಯ ಆರಿಸಿಕೊಳ್ಳಬೇಕು ಎಂಬುದರ ಮೇಲೆ ಬೀಸುವುದಿಲ್ಲ. ನಮ್ಮ ಕಡೆ ವಿಡಿಯೊ ಗೇಮಿನ ಜಾಗದಲ್ಲಿ ಮೊಬೈಲು, ಐಪಿಎಲ್ ಸಂಜೆಗಳು ಇವೆ, ಅಷ್ಟೆ. ರೀಲ್ಸನ್ನು ಇಯರ್‌ಫೋನ್ ಇಲ್ಲದೆ ನೋಡುವವನ ಜೊತೆ ಖೋಲಿ ಹಿಡಿಯುವ ಮೊದಲು ಇನ್ನೊಮ್ಮೆ ಯೋಚಿಸುವುದು ಲೇಸು.

ಪಾಕೀಟಿನ ವಿಷಯಕ್ಕೆ ಬಂದರೆ, ಜಗಳ ಹುಟ್ಟುವುದು ದುಡ್ಡು ಇಲ್ಲದ್ದರಿಂದ ಅಲ್ಲ, ಲೆಕ್ಕ ಮಸುಕಾಗಿರುವುದರಿಂದ. ಬಾಡಿಗೆ, ವೈಫೈ, ಕಸದವರಿಗೆ ಕೊಡುವುದು ಇವೆಲ್ಲ ಇದ್ದರೂ ಇಲ್ಲದಿದ್ದರೂ ಸಮಪಾಲು. ಅಕ್ಕಿ, ಎಣ್ಣೆ, ಹಾಲು, ಗ್ಯಾಸು ಉಂಡವರ ತಲೆಯ ಮೇಲೆ. ಈ ಎರಡನ್ನು ಮೊದಲ ದಿನವೇ ಬೇರೆ ಮಾಡಿದ ಖೋಲಿಗಳಲ್ಲಿ ದನಿ ಏರಿದ್ದು ಕಡಿಮೆ. ಒಬ್ಬನಿಗೆ ಮನೆಯಿಂದ ತಿಂಗಳ ಒಂದನೇ ತಾರೀಖಿಗೆ ದುಡ್ಡು ಬರುತ್ತದೆ, ಇನ್ನೊಬ್ಬ ಸ್ಕಾಲರ್‌ಶಿಪ್ ಕಾಯುತ್ತಿದ್ದಾನೆ, ಮತ್ತೊಬ್ಬನಪ್ಪ ಹತ್ತಿ ಮಾರಿದ ಮೇಲೆಯೇ ಕಳಿಸುವುದು. ಇದು ಯಾರ ತಪ್ಪೂ ಅಲ್ಲ. ಆದರೆ ಯಾರಿಗೆ ಯಾವಾಗ ದುಡ್ಡು ಬರುತ್ತದೆ ಎಂಬುದು ಜೊತೆಗಿರುವ ಎಲ್ಲರಿಗೂ ಗೊತ್ತಿದ್ದರೆ ‘ಈ ತಿಂಗಳು ನಾ ತುಂಬ್ತೀನಿ’ ಎನ್ನುವವನಿಗೂ ಮನಸ್ಸು ಹಗುರ.

ಕರೆಂಟಿನದು ಇತ್ತೀಚಿನ ತಕರಾರು. 2023ರಲ್ಲಿ ಬಂದ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟು ಯೂನಿಟ್ ಪುಕ್ಕಟೆ, ಅದರಾಚೆಯದಕ್ಕೆ ದುಡ್ಡು, 200 ಯೂನಿಟ್ ದಾಟಿತೋ ಪೂರ್ತಿ ಬಿಲ್ಲೇ ತಲೆಗೆ. ಈಗ ಲೆಕ್ಕ ನೋಡಿ. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ 1500 ವಾಟಿನದು. ಒಬ್ಬೊಬ್ಬರು ಅರ್ಧ ತಾಸು ಹಾಕಿದರೆ ಮುಕ್ಕಾಲು ಯೂನಿಟ್, ನಾಲ್ವರಿಗೆ ದಿನಕ್ಕೆ ಮೂರು, ತಿಂಗಳಿಗೆ 90. ಅದರ ಮೇಲೆ ಇಂಡಕ್ಷನ್ ಒಲೆ. ತಣ್ಣೀರು ಜಳಕ ಮಾಡುವವನು, ಖಾನಾವಳಿಯಲ್ಲಿ ಉಣ್ಣುವವನು ‘ನಾನೇಕೆ ಸಮಪಾಲು ಕೊಡಲಿ’ ಎಂದರೆ ಅವನ ಮಾತಿಗೆ ಉತ್ತರವಿಲ್ಲ. ಬಿಸಿನೀರು ಬೇಕೋ ಬೇಡವೋ ಎಂಬಷ್ಟು ಸಣ್ಣ ವಿಷಯವನ್ನೂ ಖೋಲಿ ಹಿಡಿಯುವ ಮೊದಲೇ ಕೇಳಬೇಕಾದ್ದು ಇದಕ್ಕೇ.

ಕರಾರುಪತ್ರವನ್ನು ಹುಡುಗರು ಓದುವುದೇ ಇಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುತ್ತದೆ, ಅದನ್ನು ತಪ್ಪಿಸಲೆಂದೇ ಎಲ್ಲೆಲ್ಲೂ 11 ತಿಂಗಳ ಕರಾರು. ಅದರಲ್ಲಿ ಯಾರ ಹೆಸರಿದೆ ಎಂಬುದನ್ನು ಗಮನಿಸಿ. ಒಬ್ಬನದೇ ಹೆಸರಿದ್ದರೆ ಉಳಿದವರು ಅವನ ಕೃಪೆಯಲ್ಲಿ ಇದ್ದಂತೆ. ಅಡ್ವಾನ್ಸಿನಲ್ಲಿ ತಮ್ಮ ಪಾಲಿದೆ ಎಂದು ತೋರಿಸಲು ಫೋನ್‌ಪೇ ಸಂದೇಶ ಬಿಟ್ಟರೆ ಬೇರೇನೂ ಇರುವುದಿಲ್ಲ. ಎಲ್ಲರ ಸಹಿ ಇದ್ದರೆ ಇನ್ನೊಂದು ಮಾತು: 1872ರ ಕರಾರು ಕಾಯ್ದೆಯ 43ನೇ ಸೆಕ್ಷನ್ನಿನ ಪ್ರಕಾರ, ಬೇರೆ ಷರತ್ತು ಬರೆದಿಲ್ಲದಿದ್ದರೆ, ಕೂಡಿ ಒಪ್ಪಿದವರಲ್ಲಿ ಯಾರೊಬ್ಬನಿಂದಲೂ ಮಾಲಕರು ಪೂರ್ತಿ ಬಾಡಿಗೆ ಕೇಳಬಹುದು. ಕೊಟ್ಟವನು ಉಳಿದವರಿಂದ ಅವರವರ ಪಾಲು ವಸೂಲಿ ಮಾಡಿಕೊಳ್ಳಬೇಕು. ಅಂದರೆ ನಡುರಾತ್ರಿ ಬ್ಯಾಗು ಎತ್ತಿಕೊಂಡು ಹೋದವನ ಬಾಡಿಗೆ ನಿಮ್ಮ ಕೊರಳಿಗೆ. ಹದಿನೆಂಟು ತುಂಬದ ಪಿಯುಸಿ ಮಕ್ಕಳ ಸಹಿಗಂತೂ ಕಾನೂನಿನಲ್ಲಿ ಬೆಲೆಯೇ ಇಲ್ಲ, ಅವರ ಪರವಾಗಿ ತಂದೆ-ತಾಯಿಯೇ ಬರಬೇಕು.

ಹೆಣ್ಣುಮಕ್ಕಳು ಈ ವಿಷಯದಲ್ಲಿ ಹುಡುಗರಿಗಿಂತ ಹುಷಾರು. ಅನಿವಾರ್ಯವಾಗಿ ಕೂಡ. ಗೇಟು ಎಂಟಕ್ಕೆ ಮುಚ್ಚುವ ಮನೆಯಲ್ಲಿ ಒಬ್ಬಳು ತಡವಾಗಿ ಬಂದರೆ ಬೈಗುಳ ನಾಲ್ವರಿಗೂ. ಹಾಗಾಗಿ ಕೋಚಿಂಗ್ ಎಷ್ಟಕ್ಕೆ ಬಿಡುತ್ತದೆ, ಯಾರ್ಯಾರು ಭೇಟಿಗೆ ಬರುತ್ತಾರೆ, ಊರಿನಿಂದ ಅಣ್ಣ ಬಂದರೆ ಎಲ್ಲಿ ಕೂರಿಸುವುದು, ಮನೆಯವರು ಫೋನ್ ಮಾಡಿ ಗೆಳತಿಯ ಬಗ್ಗೆ ವಿಚಾರಿಸಿದರೆ ಏನು ಹೇಳುವುದು, ಇವನ್ನೆಲ್ಲ ಅವರು ಮೊದಲೇ ಮಾತಾಡಿಕೊಳ್ಳುತ್ತಾರೆ. 2023ರ ಜೂನಿನಿಂದ ಬಸ್ಸು ಪುಕ್ಕಟೆಯಾದ ಮೇಲೆ ಒಂದು ಹೊಸ ಲೆಕ್ಕವೂ ಸೇರಿಕೊಂಡಿದೆ. ಹತ್ತಿರದ ತಾಲೂಕಿನವರು ಶನಿವಾರ ಊರಿಗೆ ಹೋಗಿ ಸೋಮವಾರ ರೊಟ್ಟಿ ಗಂಟಿನೊಂದಿಗೆ ಬರುತ್ತಾರೆ. ಬೀದರ್, ರಾಯಚೂರಿನವರು ಇಲ್ಲೇ ಉಳಿಯುತ್ತಾರೆ. ವಾರಕ್ಕೆ ಎರಡು ದಿನ ಇಲ್ಲದವಳು ಕಿರಾಣಿಯ ಪಾಲು ಎಷ್ಟು ಕೊಡಬೇಕು? ಅವಳು ತಂದ ರೊಟ್ಟಿಗೆ ಬೆಲೆ ಎಷ್ಟು? ನಮ್ಮ ಓಣಿಯ ಒಂದು ಖೋಲಿಯ ಹುಡುಗಿಯರು ರೊಟ್ಟಿ ತಂದವಳ ಆ ವಾರದ ಅಕ್ಕಿ-ಬೇಳೆಯ ಪಾಲನ್ನು ಮನ್ನಾ ಮಾಡಿದ್ದಾರೆ. ನಾನು ಕೇಳಿದ್ದರಲ್ಲಿ ಇದಕ್ಕಿಂತ ನ್ಯಾಯವಾದ ತೀರ್ಪು ಇನ್ನೊಂದಿಲ್ಲ.

‘ಯಾರ ಪೈಕಿ’ ಎಂಬ ಪ್ರಶ್ನೆಗೆ ಹಿಂತಿರುಗದೆ ಮುಂದೆ ಹೋಗುವುದು ಕಳ್ಳತನವಾಗುತ್ತದೆ. ವಾರಾನ್ನದ ಕಾಲದಿಂದ, ಆಯಾ ಸಮಾಜದ ಬೋರ್ಡಿಂಗ್‌ಗಳ ಕಾಲದಿಂದ ನಮ್ಮಲ್ಲಿ ವಿದ್ಯಾರ್ಥಿಯ ಅನ್ನ ಮತ್ತು ಆಸರೆ ಎರಡೂ ಜಾತಿಯ ಕೈ ಹಿಡಿದೇ ನಡೆದುಬಂದಿವೆ. ಅವಿಲ್ಲದಿದ್ದರೆ ಎಷ್ಟೋ ಮಂದಿ ಓದುತ್ತಲೇ ಇರಲಿಲ್ಲ ಎಂಬುದೂ ನಿಜ. ಆದರೆ ಇಂದು ಚೀಟಿಯ ಮೇಲೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬರೆದಾಗ ಅದು ಅಡುಗೆಯ ಮಾತೋ ಇನ್ನೊಂದರ ಮಾತೋ ಎಂಬುದು ಓದುವ ಪ್ರತಿಯೊಬ್ಬ ಹುಡುಗನಿಗೂ ತಿಳಿಯುತ್ತದೆ. ಊಟದ ವಿಷಯವೇ ಆಗಿದ್ದರೆ ನೇರವಾಗಿ ಕೇಳಬಹುದು: ಖೋಲಿಯೊಳಗೆ ಮೊಟ್ಟೆ ಬೇಯಿಸುವುದು ನಡೆಯುತ್ತದೋ, ಹೊರಗೆ ತಿಂದು ಬಂದರೆ ಅಡ್ಡಿಯಿಲ್ಲವೋ, ಪಾತ್ರೆ ಬೇರೆ ಇಟ್ಟರೆ ಸಾಕೋ? ಇವಕ್ಕೆ ಉತ್ತರವಿದೆ, ರಾಜಿಯೂ ಇದೆ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಿಳಿಯ ವಿದ್ಯಾರ್ಥಿಗಳಿಗೆ ಕಪ್ಪು ಜನಾಂಗದ ಜೊತೆಗಾರರು ಸಿಕ್ಕ ಕೋಣೆಗಳನ್ನು ಶುಕ್ ಮತ್ತು ಫಾಜಿಯೊ ಎಂಬ ಮನಶ್ಶಾಸ್ತ್ರಜ್ಞರು ಅಧ್ಯಯನ ಮಾಡಿ 2008ರಲ್ಲಿ ಬರೆದರು. ಅಂಥ ಕೋಣೆಗಳಲ್ಲಿ ತೃಪ್ತಿ ಕಡಿಮೆ, ಒಟ್ಟಿಗೆ ಕಳೆಯುವ ಹೊತ್ತೂ ಕಡಿಮೆ. ಆದರೂ ಕಾಲೇಜಿನ ಮೊದಲ ಅವಧಿ ಮುಗಿಯುವ ಹೊತ್ತಿಗೆ ಆ ಬಿಳಿಯ ಹುಡುಗರ ಒಳಗಿನ ಪೂರ್ವಗ್ರಹ ಇಳಿದಿತ್ತು. ಅಲ್ಲಿನ ಬಣ್ಣ ಇಲ್ಲಿನ ಜಾತಿಯಲ್ಲ, ಹಾಗೇ ಎತ್ತಿ ತಂದು ಅಂಟಿಸಲಾಗದು. ನಮ್ಮ ಮಾಳಿಗೆಯಲ್ಲಿ ಮಾತ್ರ ಬೇರೆ ಬೇರೆ ಪೈಕಿಯ ಹುಡುಗರು ನೀರಿನ ಪಾಳಿಗೆ ಜಗಳಾಡಿದ್ದಾರೆಯೇ ಹೊರತು ಪೈಕಿಗಾಗಿ ಜಗಳಾಡಿದ್ದನ್ನು ನಾನು ಕೇಳಿಲ್ಲ. ಚೀಟಿಯ ಮೇಲೆ ಆ ಸಾಲು ಬರೆಯುವುದನ್ನು ನಾವು ಬಿಟ್ಟು ಬಹಳ ಕಾಲವಾಯಿತು. ಪಕ್ಕದ ಮನೆಯವರು ಕೇಳಿದ್ದಕ್ಕೆ “ನಿಮ್ಮ ಮನಿಗೇನ್ ಮಾಡಿದ್ರೀ ಅವರು?” ಎಂದು ನಮ್ಮತ್ತೆಯೇ ಉತ್ತರ ಕೊಟ್ಟಿದ್ದರು.

ಇಷ್ಟೆಲ್ಲ ನೋಡಿ ಆರಿಸಿದರೂ ಜೋಡಿ ಮುರಿಯಬಹುದು. ಇದು ಬರೀ ಹಣೆಬರಹವಲ್ಲ, ಗಣಿತವೂ ಹೌದು. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರ ತಮ್ಮ ಪ್ರಸಿದ್ಧ ಲೇಖನದಲ್ಲಿ, ಗಂಡು-ಹೆಣ್ಣು ಎರಡು ಬೇರೆ ಗುಂಪುಗಳಿಂದ ಜೋಡಿ ಮಾಡುವುದಾದರೆ ಯಾರೂ ಬಿಟ್ಟು ಓಡದಂಥ ಹೊಂದಾಣಿಕೆ ಯಾವಾಗಲೂ ಸಾಧ್ಯ ಎಂದು ಸಾಧಿಸಿ ತೋರಿಸಿದರು. (ಶಾಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಈ ದಾರಿಯ ಕೆಲಸಕ್ಕೆ.) ಅದೇ ಲೇಖನದಲ್ಲಿ ರೂಮ್‌ಮೇಟುಗಳ ವಿಷಯಕ್ಕೆ ಬಂದಾಗ ಕೈ ಚೆಲ್ಲಿದರು. ಅವರ ಉದಾಹರಣೆಗೆ ನಮ್ಮ ಹೆಸರುಗಳನ್ನು ಹಾಕಿ ನೋಡೋಣ. ನಾಲ್ವರು ಹುಡುಗರು, ಇಬ್ಬಿಬ್ಬರಿಗೆ ಒಂದೊಂದು ಖೋಲಿ. ಬಸುಗೆ ಮಂಜುವಿನ ಜೊತೆ ಇರುವಾಸೆ, ಮಂಜುಗೆ ಈರಣ್ಣನ ಜೊತೆ, ಈರಣ್ಣನಿಗೆ ಬಸುವಿನ ಜೊತೆ. ಸಂಗಪ್ಪ ಮೂವರಿಗೂ ಕಡೆಯ ಆಯ್ಕೆ. ಬಸು-ಮಂಜು ಒಂದು ಖೋಲಿಗೆ ಹೋದರೆ ಈರಣ್ಣನಿಗೆ ಸಂಗಪ್ಪ ಗಂಟುಬೀಳುತ್ತಾನೆ. ಈರಣ್ಣ ಬಂದು ಮಂಜುವನ್ನು ಕರೆದರೆ ಮಂಜು ಖುಷಿಯಿಂದ ಹೊರಡುತ್ತಾನೆ, ಅವನಿಗೆ ಬೇಕಾದವನೇ ಈರಣ್ಣ. ಈಗ ಸಂಗಪ್ಪನ ಜೊತೆ ಉಳಿದವನು ಬಸು. ಅವನು ಹೋಗಿ ಈರಣ್ಣನನ್ನು ಕರೆಯುತ್ತಾನೆ, ಈರಣ್ಣ ಬರುತ್ತಾನೆ. ಆಗ ಸಂಗಪ್ಪನ ಜೊತೆ ಉಳಿದವನು ಮಂಜು. ಅವನು ಬಸುವನ್ನು ಕರೆಯುತ್ತಾನೆ. ಹೀಗೆ ಹಾಸಿಗೆ ಹೊತ್ತು ತಿರುಗುವುದು ನಿಲ್ಲುವುದೇ ಇಲ್ಲ. ನಾಲ್ವರಲ್ಲಿ ಯಾರೂ ಕೆಟ್ಟವರಲ್ಲ, ಸಂಗಪ್ಪನೂ ಅಲ್ಲ. ಎಲ್ಲರಿಗೂ ನಿಲ್ಲುವಂಥ ಜೋಡಿ ಅಲ್ಲಿ ಇಲ್ಲವೇ ಇಲ್ಲ. 1985ರಲ್ಲಿ ರಾಬರ್ಟ್ ಇರ್ವಿಂಗ್ ಎಂಬುವರು, ಅಂಥ ಜೋಡಿ ಇದೆಯೋ ಇಲ್ಲವೋ ಎಂದು ಬೇಗ ಪತ್ತೆಹಚ್ಚುವ ವಿಧಾನ ಕೊಟ್ಟರು. ಇಲ್ಲದಿದ್ದಾಗ ಅವರೇನು ಮಾಡಿಯಾರು?

ಇದನ್ನು ತಿಳಿದ ಮೇಲೆ ನನಗನ್ನಿಸಿದ್ದು, ಒಳಗೆ ಬರುವ ಮಾತಿನಷ್ಟೇ ಹೊರಗೆ ಹೋಗುವ ಮಾತನ್ನೂ ಮೊದಲ ದಿನ ಆಡಿಕೊಳ್ಳಬೇಕು. ಬಿಡುವವನು ಒಂದು ತಿಂಗಳು ಮೊದಲು ಹೇಳಬೇಕು, ಪರೀಕ್ಷೆಯ ಹತ್ತಿರದ ತಿಂಗಳಲ್ಲಿ ಯಾರೂ ಬಿಡಬಾರದು. ಹೊಸಬನನ್ನು ಹುಡುಕುವ ಹೊಣೆ ಬಿಡುವವನದು, ಒಪ್ಪುವ ಹಕ್ಕು ಉಳಿದವರದು. ಅವನ ಅಡ್ವಾನ್ಸಿನ ಪಾಲನ್ನು ಹೊಸಬ ಮಾಲಕರ ಎದುರಿಗೇ ಅವನ ಕೈಗೆ ಕೊಡಬೇಕು. ವಂತಿಗೆ ಹಾಕಿ ಯಾವ ಸಾಮಾನನ್ನೂ ತರಬಾರದು. ಕುಕ್ಕರ್ ಒಬ್ಬನದು, ಐದು ಕಿಲೊ ಸಿಲಿಂಡರ್ ಇನ್ನೊಬ್ಬನದು, ಡ್ರಮ್ಮು ಮತ್ತೊಬ್ಬನದು ಎಂದಾದರೆ ಹೋಗುವಾಗ ಯಾರೂ ಕುಕ್ಕರನ್ನು ನಾಲ್ಕು ತುಂಡು ಮಾಡಬೇಕಾಗಿಲ್ಲ. ಕೊನೆಯದು ಸುಣ್ಣ-ಬಣ್ಣದ ದುಡ್ಡು. ಖೋಲಿ ಖಾಲಿ ಮಾಡುವಾಗ ಮಾಲಕರು ಅಡ್ವಾನ್ಸಿನಲ್ಲಿ ಇದನ್ನು ಮುರಿದುಕೊಳ್ಳುತ್ತೇವೆ. ಮಧ್ಯದಲ್ಲೇ ಬಿಟ್ಟುಹೋದವನು ಅದರಲ್ಲಿ ಪಾಲು ಕೊಡಬೇಕೋ, ಅಥವಾ ಕೊನೆಗೆ ಉಳಿದವನೇ ಪೂರ್ತಿ ಹೊರಬೇಕೋ ಎಂಬುದನ್ನು ನೀವು ನೀವೇ ಬರೆದಿಟ್ಟುಕೊಳ್ಳಿ. ಅದನ್ನು ನಾವು ಮಾಲಕರು ನಿಮಗೆ ನೆನಪಿಸುವುದಿಲ್ಲ.